ದೊರೆಸಾನಿಗೆ ಇಟ್ಟ ಶಾಂಪೇನು

ಅರಣ್ಯ ಇಲಾಖೆಯ ಸಾಹೇಬರ ಹಿಂದೆ ಕ್ಯಾಂಪು ತಿರುಗುವ ಗುಮಾಸ್ತನಿಗೆ ನಗೆಗೇನೂ ಬರವಿಲ್ಲ. ಒಂದು ಊರಿನಲ್ಲಿ ತಪ್ಪಿದರೆ ಮುಂದಿನ ಊರಿನಲ್ಲಿ ಏನಾದರೊಂದು ಎಡವಟ್ಟು ಕಾದುಕೊಂಡೇ ಇರುತ್ತದೆ. ಇದು ಮೂವತ್ತರ ದಶಕದ ಮಾತು. ನಾನು ಯಲ್ಲಾಪುರದಲ್ಲಿ ಗುಮಾಸ್ತ. ಹೆಗಡೆಕಟ್ಟಾದ ವೈದಿಕರ ಮನೆಯವನು, ಚಹಾ ಕುಡಿದದ್ದಕ್ಕೇ ಅಜ್ಜಿಯಿಂದ ಬೈಸಿಕೊಂಡವನು. ಅಂಥವನಿಗೆ ಶಾಂಪೇನಿನ ಆಸೆ ಹತ್ತಿಸಿದವರು ನಮ್ಮ ಇಂಗ್ಲಿಷ್ ಸಾಹೇಬರು.

ಪಾಠ

ಸಾಹೇಬರ ಹೆಂಡತಿ ವಿಲಾಯತಿಯಲ್ಲಿದ್ದರು. ಪ್ರತಿ ಚಳಿಗಾಲಕ್ಕೂ “ಈ ಸಲ ಬರುತ್ತಾಳೆ” ಎನ್ನುವರು. ಬಂದ ದಿನ ತೆರೆಯಲೆಂದು ಮುಂಬಯಿಯಿಂದ ಶಾಂಪೇನು ತರಿಸುವರು. ಸಂಜೆ ಕೆಲಸ ಮುಗಿದ ಮೇಲೆ, ಅವರು ಇಲಾಖೆಯ ಪರೀಕ್ಷೆಗೆ ಓದಿ ಕಲಿತ ಕನ್ನಡದಲ್ಲಿ ನನಗೆ ಪಾಠ ನಡೆಯುತ್ತಿತ್ತು.

“ಮೊದಲು ಗುಳ್ಳೆಗಳನ್ನು ನೋಡತಕ್ಕದ್ದು. ಬಳಿಕ ಮೂಸತಕ್ಕದ್ದು. ಅನಂತರ ಸ್ವಲ್ಪವೇ ನಾಲಿಗೆಯ ಮೇಲೆ ಇಟ್ಟುಕೊಳ್ಳತಕ್ಕದ್ದು. ಸಿಹಿ ಇರಕೂಡದು. ನನ್ನ ಹೆಂಡತಿ ಆ ಸಮಯದಲ್ಲಿ ಒಂದು ಕಣ್ಣನ್ನು ಮುಚ್ಚುತ್ತಾಳೆ.”

ಹೀಗೆ ಹೇಳುತ್ತ ತಾವೂ ಒಂದು ಕಣ್ಣು ಮುಚ್ಚುವರು. ನೋಡುತ್ತ ಕೂತ ನಾನೂ ಒಂದು ಕಣ್ಣು ಮುಚ್ಚುತ್ತಿದ್ದೆ.

“ರುಚಿ ಹೇಗಿರುತ್ತದೆ, ಸಾಹೇಬರೇ?”

“ಹಸಿರು ಸೇಬಿನಂತೆ.”

ನಾನು ಯಾವ ಬಣ್ಣದ ಸೇಬನ್ನೂ ತಿಂದವನಲ್ಲ. “ನಮ್ಮ ಅಪ್ಪೆಮಿಡಿಯ ಹಾಗೋ?” ಎಂದೆ.

ಸಾಹೇಬರು ನಿಟ್ಟುಸಿರು ಬಿಟ್ಟರು. “ಅವಳು ಬರಲಿ. ನಮ್ಮ ಸಂಗಡ ನೀನೂ ಒಂದು ಗ್ಲಾಸು ಕುಡಿಯತಕ್ಕದ್ದು.”

ಅಂದಿನಿಂದ ಆ ದೊರೆಸಾನಿಯ ದಾರಿ ಕಾಯುವವರು ಇಬ್ಬರಾದೆವು.

ಎಕ್ಕಂಬಿಯಲ್ಲಿ ಗುಂಡು

ಒಮ್ಮೆ ಸಿರ್ಸಿಯಲ್ಲಿ ಕ್ಯಾಂಪು. ಹುಬ್ಬಳ್ಳಿ ಸ್ಟೇಷನ್ನಿನಿಂದ ಬಾಟಲಿಗಳ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ನಾನು ಹೊರಟಿದ್ದೆ. ರಸ್ತೆ ಹೇಗಿತ್ತೆಂದರೆ, ಕೂತವರಿಗಿಂತ ಹಾರಿದವರೇ ಹೆಚ್ಚು. ಎಕ್ಕಂಬಿ ಹತ್ತಿರ ಬಂದಾಗ ‘ಢಂ’ ಎಂದು ಸದ್ದಾಯಿತು.

ಡ್ರೈವರು ಸಿರ್ಸಿಯ ಮುಸಲ್ಮಾನರು, ಗಾಡಿಯೂ ಅವರದೇ. “ಟಾಯರ್ ಹೋಯ್ತು!” ಎಂದು ಹಣೆ ಬಡಿದುಕೊಂಡು ಇಳಿದರು. ಹಿಂದೆಯೇ ಎಲ್ಲರೂ ಇಳಿದು ಗಾಲಿ ಗಾಲಿಗೂ ಒದ್ದು ನೋಡಿದರು. ಎಲ್ಲವೂ ಗಟ್ಟಿಯಾಗಿದ್ದವು. ಆದರೆ ಹಿಂದಿನ ಗಾಲಿಯ ಮೇಲೆ ಬಿಳಿಯ ನೊರೆ ಇಳಿಯುತ್ತಿತ್ತು. ಬಿರಡೆ ಹಾರಿದ ಬಾಟಲಿಯೊಂದು ಬಸ್ಸಿನ ಮೇಲೆ ಕೂತು ಕಕ್ಕುತ್ತಿದೆ ಎಂಬುದು ನನಗೊಬ್ಬನಿಗೇ ಗೊತ್ತು. ಆ ನೊರೆ ನೋಡಿ ನನ್ನ ಬಾಯಲ್ಲಿ ನೀರೂರಿತು ಎಂದರೆ ಸುಳ್ಳಲ್ಲ.

ಮುಂಡಗೋಡದಲ್ಲಿ ಹತ್ತಿದ್ದ ಮುದುಕಿಯೊಬ್ಬಳು ಬಗ್ಗಿ ನೋಡಿ ಡ್ರೈವರನ್ನು ಕೇಳಿದಳು: “ಯಪ್ಪಾ, ಈ ಗಾಲ್ಯಾಗ ಮಜ್ಜಿಗಿ ತುಂಬೀಯೇನೋ? ಎಷ್ಟ್ ನೊರಿ ಬರಾಕತ್ತೈತಿ!”

ಬಾವಿಯ ಮಡಿ

ಶಾಂಪೇನು ತಣ್ಣಗಿರಬೇಕು. ಯಲ್ಲಾಪುರದಲ್ಲಿ ಐಸು ಎಲ್ಲಿಯದು? ಒಂದು ಚಳಿಗಾಲ ದೊರೆಸಾನಿ ಖಂಡಿತ ಬರುತ್ತಾರೆಂದು ಸುದ್ದಿ ಬಂದಾಗ ಸಾಹೇಬರು ಬಾಟಲಿಯನ್ನು ಬುಟ್ಟಿಯಲ್ಲಿಟ್ಟು ಬಂಗಲೆಯ ಬಾವಿಗೆ ಇಳಿಸಿದರು. ದೇವಸ್ಥಾನದ ಭಟ್ಟರು ನೀರು ಒಯ್ಯುತ್ತಿದ್ದದ್ದು ಅದೇ ಬಾವಿಯಿಂದ. ಕೊಡ ಹಿಡಿದೇ ನನ್ನ ಮೇಜಿನ ಮುಂದೆ ಬಂದು ನಿಂತರು.

“ಹೆಂಡದ ಬಾಟ್ಲಿ ಬಾವಿಗೆ ಇಳಿಸಿದ್ರಡ! ದೇವ್ರ ನೈವೇದ್ಯಕ್ಕೆ ನೀರು ಎಲ್ಲಿಂದ ತರದು ಆನು?”

“ಬಿರಡೆ ಗಟ್ಟಿ ಇದ್ದು ಭಟ್ರೆ, ಮೇಲಿಂದ ತಂತಿನೂ ಬಿಗದ್ದ. ಒಂದು ಹನಿನೂ ಹೊರಗೆ ಬತ್ತಿಲ್ಲೆ.”

“ಯಾವಾಗಿಂದ ಇದ್ದು ನೀರಲ್ಲಿ?”

“ನಿನ್ನೆ ಬೆಳಿಗ್ಗೆಯಿಂದ.”

ಭಟ್ಟರು ಶಾಸ್ತ್ರವನ್ನೆಲ್ಲ ತಿರುವಿ ಹಾಕಿದವರಂತೆ ಕಣ್ಣು ಮುಚ್ಚಿ ತೆರೆದರು. “ಹಂಗಾರೆ ತೊಂದ್ರೆ ಇಲ್ಲೆ. ನಿಮ್ಮ ಆಫೀಸಲ್ಲಿ ಇದ್ದವ್ಕೆಲ್ಲ ನೋಡಿರೆ ಆ ಬಾಟ್ಲಿನೇ ಹೆಚ್ಚು ಮಡಿ!”

ದೊರೆಸಾನಿ ಬರಲಿಲ್ಲ, ತಂತಿ ಬಂತು. ಹಗ್ಗವನ್ನು ಸಾಹೇಬರು ತಾವೇ ಎಳೆದುಕೊಂಡರು. ಜವಾನನನ್ನು ಹತ್ತಿರಕ್ಕೂ ಬಿಡಲಿಲ್ಲ.

ನಿಲ್ಕುಂದದ ಬೆಲ್ಲ

ಸಿದ್ದಾಪುರದ ಕಡೆ ನಿಲ್ಕುಂದದಲ್ಲಿ ಡೇರೆ ಹಾಕಿದ್ದಾಗ ಸಾಹೇಬರು ಮದುವೆಯಾದ ತಾರೀಖು ಬಂತು. ಒಬ್ಬರೇ ಒಂದು ಬಾಟಲಿ ತೆರೆದು, ಗ್ಲಾಸನ್ನು ಬೆಳಕಿಗೆ ಹಿಡಿದು ಗುಳ್ಳೆ ನೋಡುತ್ತ ಕೂತಿದ್ದರು. ಮಾತಾಡಿಸಲು ಬಂದ ಊರಿನ ಹೆಗಡೇರಿಗೆ ಕಂಡದ್ದು ಒಂದೇ: ಸಾಹೇಬರು ಆಸರಿಗೆ ನೀರು ಕುಡಿಯುತ್ತಿದ್ದಾರೆ, ಜೊತೆಗೆ ಬೆಲ್ಲವಿಲ್ಲ! ಬಾಯಾರಿದವರಿಗೆ ಬೆಲ್ಲವಿಲ್ಲದೆ ಬರೇ ನೀರು ಕೊಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಕೂಡಲೇ ಮನೆಯಿಂದ ಒಂದು ತುಂಡು ತರಿಸಿ ಮುಂದಿಟ್ಟರು.

ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳಬೇಕೆಂದು ಸಾಹೇಬರಿಗೇನು ಗೊತ್ತು? ಮರ್ಯಾದೆಗೆ ಗ್ಲಾಸಿನೊಳಗೆ ಬಿಟ್ಟರು. ಶಾಂಪೇನು ಬುಸ್ಸೆಂದು ಎದ್ದು ಕಾಡಿನ ನಕ್ಷೆಯ ಮೇಲೆಲ್ಲ ಹರಿಯಿತು. ಹೆಗಡೇರಿಗೆ ಹೆಮ್ಮೆಯೋ ಹೆಮ್ಮೆ.

“ನೋಡಿದ್ರಾ ನಮ್ಮ ಬೆಲ್ಲದ ಜೋರು! ಒಲೆ ಇಲ್ಲೆ, ಬೆಂಕಿ ಇಲ್ಲೆ, ತಣ್ಣೀರೇ ಉಕ್ತು!”

ಕೊನೆಯ ಬಾಟಲಿ

ಕಡೆಗೆ ಸಾಹೇಬರಿಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ಮುನ್ನಾದಿನ ಸಂಜೆ ನನ್ನನ್ನು ಕರೆಸಿದರು. ಮೇಜಿನ ಮೇಲೆ ಉಳಿದಿದ್ದ ಒಂದೇ ಬಾಟಲಿ, ಎರಡು ಗ್ಲಾಸು.

“ಅವಳು ಬರುವುದಿಲ್ಲ. ಇನ್ನು ಮುಂದೆಯೂ ಬರುವುದಿಲ್ಲ. ನನ್ನಷ್ಟೇ ಕಾಲ ನೀನೂ ಕಾದಿದ್ದೀ. ಕುಡಿ.”

ಗ್ಲಾಸು ಕೈಗೆತ್ತಿಕೊಂಡೆ. ಮುಖವನ್ನೇ ನೋಡದ ಆ ಹೆಂಗಸಿನ ಮೇಲೆ ಸಿಟ್ಟೂ ಬಂತು, ಒಮ್ಮೆಯಾದರೂ ಬರಬಾರದಿತ್ತೇ ಎಂದು ಅಳುವೂ ಬಂತು. ಗುಳ್ಳೆ ನೋಡಿದೆ, ಮೂಸಿದೆ. ಅಲ್ಲಿಯವರೆಗೆ ಪಾಠ ಸರಿಯಾಗಿಯೇ ನೆನಪಿತ್ತು. ಆದರೆ ಪಾತ್ರೆಗೆ ತುಟಿ ತಾಗಿಸಿದರೆ ಎಂಜಲು ಎಂದು ಎಳವೆಯಿಂದ ಕಲಿತ ಕೈ ಕೇಳಬೇಕಲ್ಲ! ತಲೆ ಹಿಂದಕ್ಕೆ ವಾಲಿತು, ಗ್ಲಾಸು ಮೇಲೆ ಹೋಯಿತು, ನೀರಿನ ತಂಬಿಗೆ ಎತ್ತಿ ಕುಡಿಯುವಂತೆ ಶಾಂಪೇನನ್ನು ಅಷ್ಟೆತ್ತರದಿಂದ ಗಂಟಲಿಗೆ ಸುರಿದುಕೊಂಡೆ.

ಗಂಟಲಿಗೆ ಬಿದ್ದದ್ದು ಅಲ್ಲಿ ನಿಲ್ಲಲಿಲ್ಲ. ನೊರೆಯಾಗಿ ಎದ್ದು ಎರಡೂ ಮೂಗಿನ ಹೊಳ್ಳೆಗಳಿಂದ ಹೊರಗೆ ಬಂತು. ಕಣ್ಣಲ್ಲಿ ಧಾರಾಕಾರ ನೀರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದನ್ನು ಅವಳು ನೋಡತಕ್ಕದ್ದಾಗಿತ್ತು” ಎಂದರು. ಎಂದವರೇ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಬಾಗಿಲಲ್ಲಿದ್ದ ಜವಾನ ನೋಡಿದ್ದು ಅಷ್ಟೇ. ನಾನು ಬಿಡಾರಕ್ಕೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ಸಾಹೇಬರೂ ಗುಮಾಸ್ತರೂ ಬಾಟಲಿ ಮುಂದಿಟ್ಟುಕೊಂಡು ಅತ್ತರಂತೆ! ನನ್ನ ಹೆಂಡತಿ ಹೊಸ್ತಿಲಲ್ಲೇ ಅಡ್ಡ ನಿಂತಿದ್ದಳು.

“ಕುಡಿದ್ದು ಹೌದಾ?”

“ಹೌದು.”

ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು: “ರುಚಿ ಹೆಂಗಿತ್ತು?”

“ಎಂತ ಹೇಳದು ಮಾರಾಯ್ತಿ! ಇಷ್ಟು ವರ್ಷ ಕಾದಿದ್ದು, ಎಲ್ಲ ಮೂಗಿಗೆ ಹೋತು. ನಾಲಿಗೆಗೆ ಎಂತದೂ ಗೊತ್ತಾಜಿಲ್ಲೆ.”

ಅವಳು ದಾರಿ ಬಿಟ್ಟಳು.

“ಹಂಗಾರೆ ಜಾತಿನೂ ಮೂಗಿನವರೆಗೇ ಹೋದ್ದು. ಮೂಗು ತೊಳ್ಕಂಡು ಒಳಗೆ ಬನ್ನಿ.”