ಖಿಚಡಿ ಗಾಡಿಯಲ್ಲಿ ಬಂದ ಕೆಂಪು ಚುಕ್ಕಿ

ಒಂದು ಒಗಟು. ಗುಂಡು ಬಿದ್ದಿದೆ, ರಕ್ತ ಇಲ್ಲ. ಸತ್ತವನು ಚಹಾದ ಹೊತ್ತಿಗೆ ಎದ್ದು ಕೂಡ್ತಾನೆ. ಯಾರು?

ತಲೆ ಕೆರ್ಕೋಬೇಡಿ, ನಿಮಗೆ ಬರಲ್ಲ. ಅದು ನಾಗಪುರದ ಹತ್ತಿರದ ಕಾಮ್ಟಿಯ ಮಿಲಿಟರಿ ಕಂಪ್ಯೂಟರಿನೊಳಗಿನ ಚುಕ್ಕಿ. ಒಂದೊಂದು ಚುಕ್ಕಿ ಒಬ್ಬೊಬ್ಬ ಗಾಯಾಳು. ಅವು ಸತ್ತು ಕಪ್ಪಾಗೋದರೊಳಗೆ ಗಾಡಿ, ಹೆಲಿಕಾಪ್ಟರ್ ಹೊಂದಿಸಿ ಆಸ್ಪತ್ರೆ ಮುಟ್ಟಿಸಬೇಕು. ಮುಟ್ಟಿಸೋನು ಆಂಬುಲೆನ್ಸ್ ಹವಾಲ್ದಾರ್, ಅಂದ್ರೆ ನಮ್ಮಪ್ಪ. ದೊಡ್ಡ ಸಾಹೇಬ್ರು ಪರೀಕ್ಷೆಗೆ ಬರೋರಿದ್ರು. ಪಾಸಾದ್ರೆ ಅಪ್ಪ ಇಲ್ಲೇ ಈ ಆಟ ಕಲಿಸೋ ಮಾಸ್ತರ. ಫೇಲಾದ್ರೆ ಅವನಿಗೆ ಬಾರ್ಡರು, ನನಗೆ ಹೊಸ ಊರಲ್ಲಿ ಮತ್ತೆ ಒಂಬತ್ತನೇ ಕ್ಲಾಸು. ಆ ಯಂತ್ರ ಬಂದಾಗಿನಿಂದ ನಡೆದ ನಾಕು ಪ್ರಸಂಗ ಕೇಳ್ರಿ.

೧. ವೈರಿ

“ಪ್ಲಾನು ಕೆಡಿಸೋಕೆ ಒಬ್ಬ ವೈರಿ ಬೇಕಲ್ಲ,” ಅಂದ್ರು ಮೈಸೂರು ಕಡೆಯ ಡಾಕ್ಟರ್ ಮೇಜರ್.

ಅಪ್ಪ ಉಸಿರು ಬಿಟ್ಟು ಅಂದ: “ಮನ್ಯಾಗ ಒಬ್ಬಾವ ಅದಾನ್ರಿ.”

೨. ಟೊಪ್ಪಿಗೆ

ಆ ವೈರಿ ನಾನೇ. ಮೊದಲ ಆಟದಲ್ಲೇ ಪರದೆ ಮೇಲಿನ ರಸ್ತೆ ಒಡೆದೆ. ಕೆಂಪು ಚುಕ್ಕಿ ಕಪ್ಪಾಯ್ತು. ಅಪ್ಪ ಎದ್ದು ಟೊಪ್ಪಿಗೆ ತೆಗೆದ.

“ಹವಾಲ್ದಾರ್, ಅದು ಬರೀ ಚುಕ್ಕಿ ಕಣಯ್ಯಾ.”

“ಗೊತ್ತೈತ್ರಿ ಸಾಹೇಬ್ರ. ಆದ್ರ ನನ್ನ ಕೈಯಾಗ ಹೋತು.”

ನನಗೆ ನಗು ಬರಲಿಲ್ಲ, ನೋಡ್ರಿ. ಮೇಜರ್ ಆಟ ಮತ್ತೆ ಮೊದಲಿಂದ ಹಚ್ಚಿದ್ರು. ಸತ್ತವ ಎದ್ದ. ಅಪ್ಪ ಟೊಪ್ಪಿಗೆ ಹಾಕ್ಕೊಂಡ.

೩. ಖಿಚಡಿ

ಗಾಯಾಳು ಹೊರಟ್ರೆ ಲಂಗರಿಗೆ, ಅಂದ್ರೆ ಮಿಲಿಟರಿ ಅಡುಗೆಮನೆಗೆ, ಫೋನ್ ಮಾಡೋದು ಅಪ್ಪನ ಹಳೇ ರೂಢಿ. ಮಾಡೇಬಿಟ್ಟ. ಅಡುಗೆಯವ ಹಂಡೆ ತುಂಬ ಖಿಚಡಿ ಹೊತ್ತು ಬಂದ.

“ಪೇಶಂಟ್ ಕಿಧರ್ ಹೈ?”

ಅಪ್ಪ ಪರದೆ ತೋರಿಸಿದ. ಅಡುಗೆಯವ ಬಗ್ಗಿ ಚುಕ್ಕಿಗಳನ್ನ ಚೆನ್ನಾಗಿ ನೋಡಿ ಕೇಳಿದ: “ಇನ್ಕೋ ಮಿರ್ಚಿ ಚಲೇಗಾ?”

೪. ಪರೀಕ್ಷೆ

ಪರೀಕ್ಷೆ ದಿನ ಕಿಟಕಿಗೆ ಕಂಬಳಿ ಕಟ್ಟಿ ಖೋಲಿ ಕತ್ತಲು ಮಾಡಿದ್ರು. “ದಯಾ ಮಾಯಾ ಬ್ಯಾಡ,” ಅಂದ ಅಪ್ಪ ನನಗೆ. ನಾ ಆಂಬುಲೆನ್ಸ್ ಕೆಡಿಸಿದೆ, ಮಂಜು ಸುರಿಸಿ ಹೆಲಿಕಾಪ್ಟರ್ ನಿಲ್ಲಿಸಿದೆ. ನದಿಯಾಚೆ ಒಂದೇ ಕೆಂಪು ಚುಕ್ಕಿ ಉಳೀತು. ಈಗ ನನಗೇ ಬೆವರು. ಅಪ್ಪ ಶಾಂತವಾಗಿ ರೇಷನ್ ಗಾಡಿ ಅತ್ತ ತಿರುಗಿಸಿದ.

“ಗಾಯಾಳು ಇದರಲ್ಲಾ?” ಅಂದ್ರು ದೊಡ್ಡ ಸಾಹೇಬ್ರು.

“ಹೋಗೂಮುಂದ ಖಿಚಡಿ, ಬರೂಮುಂದ ಜವಾನ, ಸಾಬ್. ಖಾಲಿ ಯಾಕ ಬರಬೇಕು?”

ಗಾಡಿ ಸೇತುವೆ ಹತ್ತಿತು. ಒಡೆಯೋಕೆ ನನ್ನ ಬೆರಳೇ ಏಳಲಿಲ್ಲ. ಚುಕ್ಕಿ ಆಸ್ಪತ್ರೆ ಮುಟ್ಟಿತು. ದೊಡ್ಡ ಸಾಹೇಬ್ರು ಎದ್ದು ನಿಂತು ಚುಕ್ಕಿಗೆ ಸೆಲ್ಯೂಟ್ ಹೊಡೆದ್ರು.

ಅಪ್ಪ ಮಾಸ್ತರ ಆದದ್ದು ಖರೆ. ಚುಕ್ಕಿ ಆಸ್ಪತ್ರೆ ಮುಟ್ಟಿದ್ದು, ಸೆಲ್ಯೂಟು ಮಾತ್ರ ನಾ ಕಟ್ಟಿದ ಕತೆ. ಗಾಡಿ ಸೇತುವೆ ಮೇಲಿದ್ದಾಗಲೇ ಕರೆಂಟ್ ಹೋಗಿತ್ತು. ಕತ್ತಲಲ್ಲಿ ನನಗೂ ದೊಡ್ಡ ಸಾಹೇಬ್ರಿಗೂ ಅಪ್ಪ ಮತ್ತೆ ಲಂಗರಿಗೆ ಫೋನ್ ಮಾಡೋದು ಮಾತ್ರ ಕೇಳಿಸ್ತು: “ಒಬ್ಬಾವ ಬರಾಕತ್ತಾನ. ಮಿರ್ಚಿ ಕಮ್ಮಿ ಹಾಕು.”