ಗಂಟೆಗೆ ಒಂದೂವರೆ ಸಾವಿರ

ಗಣಿತದ ಮೇಷ್ಟ್ರಿಗೆ ಮೈ ಉರಿದದ್ದು ಹನ್ನೆರಡು ಸಾವಿರ ಎಂಬ ಮಾತಿಗಿಂತ ಹೆಚ್ಚಾಗಿ, ಅದನ್ನು ಹೇಳಿದವನು ಮನೆಯೊಳಗೆ ಕಾಲನ್ನೂ ಇಡದೆ, ಬಾಗಿಲಲ್ಲೇ ನಿಂತು ಹೇಳಿದ್ದಕ್ಕೆ. ಹೊಸ ಬಾಡಿಗೆ ಮನೆ ಇದ್ದದ್ದು ಮೂರೇ ಬೀದಿ ಆಚೆ. ಇಲ್ಲಿಯ ಬಾಲ್ಕನಿಯಲ್ಲಿ ನಿಂತರೆ ಅದರ ನೀರಿನ ಟ್ಯಾಂಕು ಕಾಣುತ್ತಿತ್ತು. ಕಣ್ಣಿಗೆ ಕಾಣುವಷ್ಟು ದೂರಕ್ಕೆ ಹನ್ನೆರಡು ಸಾವಿರವೇ ಎಂದು ಕೇಳಿದರೆ, ಸಾಮಾನು ಸಾಗಿಸುವ ಕಂಪನಿಯವನು ತಣ್ಣಗೆ ಉತ್ತರಿಸಿದ.

"ದುಡ್ಡು ದೂರಕ್ಕಲ್ಲ ಸಾರ್, ಮೆಟ್ಟಿಲಿಗೆ. ಇಲ್ಲಿ ಮೂರು ಮಹಡಿ ಇಳೀಬೇಕು, ಅಲ್ಲಿ ನಾಲ್ಕು ಹತ್ತಬೇಕು. ಎರಡು ಕಡೇನೂ ಲಿಫ್ಟ್ ಇಲ್ಲ."

ಅಡುಗೆಮನೆಯ ಬಾಗಿಲಿಂದ ಹೆಂಡತಿ ಒಪ್ಪಿಕೊಳ್ಳಿ ಎಂದು ಕಣ್ಸನ್ನೆ ಮಾಡಿದಳು. ಮೇಷ್ಟ್ರು ನೋಡಲಿಲ್ಲ. (ಇಷ್ಟು ವರ್ಷದ ಸಂಸಾರದಲ್ಲಿ ಬೇಡದ್ದನ್ನು ನೋಡದೇ ಇರುವ ವಿದ್ಯೆ ಅವರಿಗೆ ಸಿದ್ಧಿಸಿತ್ತು.)

ಎರಡು ದಿನ ಅವರು ಫೋನ್ ಹಿಡಿದು ಕೂತರು. ಒಬ್ಬ ಹತ್ತು ಸಾವಿರ ಎಂದವನು, ಮಂಚ ಬಿಚ್ಚಲು ಇಷ್ಟು, ಬಿಚ್ಚಿದ್ದನ್ನು ಜೋಡಿಸಲು ಇಷ್ಟು, ಗಾಜಿನ ಸಾಮಾನಿಗೆ ಬಟ್ಟೆ ಸುತ್ತಲು ಇಷ್ಟು ಎನ್ನುತ್ತ ಮಾತು ಮುಗಿಯುವುದರೊಳಗೆ ಹದಿನಾಲ್ಕಕ್ಕೆ ಏರಿದ. ಕೊನೆಗೆ ಒಬ್ಬ ಪುಣ್ಯಾತ್ಮ ಸಿಕ್ಕ. ನಾಲ್ವರು ಆಳು, ಒಂದು ಲಾರಿ, ಗಂಟೆಗೆ ಒಂದೂವರೆ ಸಾವಿರ.

ಕಾಲ ಮತ್ತು ಕೆಲಸದ ಲೆಕ್ಕವನ್ನು ಮೇಷ್ಟ್ರು ಇಪ್ಪತ್ತು ವರ್ಷ ಮಕ್ಕಳ ತಲೆಗೆ ತುಂಬಿದವರು. ಪೆನ್ನು ತೆಗೆದು ಹಾಳೆಯ ಮೇಲೆ ನಾಲ್ಕೇ ಸಾಲಿನಲ್ಲಿ ಸಾಧಿಸಿಬಿಟ್ಟರು: ನಾಲ್ಕು ಗಂಟೆ, ಆರು ಸಾವಿರ. ಅರ್ಧಕ್ಕರ್ಧ ಉಳಿತಾಯ.

ಹೆಂಡತಿ ಹಾಳೆಯನ್ನು ನೋಡಿದಳು. "ಲೆಕ್ಕದ ಪುಸ್ತಕದ ಆಳುಗಳು ಟೀ ಕುಡಿಯಲ್ಲ ರೀ. ನಿಜವಾದವರು ಕುಡೀತಾರೆ."

ಭಾನುವಾರ ಎಂಟಕ್ಕೆ ಲಾರಿ ಬಂತು. ಆಳುಗಳ ಮೇಸ್ತ್ರಿ ಬಹಳ ವಿನಯವಂತ. ಲಾರಿ ಶೆಡ್ ಬಿಟ್ಟ ಏಳು ಗಂಟೆಯಿಂದಲೇ ಲೆಕ್ಕ ಶುರು ಎಂಬುದನ್ನೂ ವಿನಯವಾಗಿಯೇ ತಿಳಿಸಿದ. ಅಂದರೆ ಮೇಷ್ಟ್ರು ಹಲ್ಲುಜ್ಜುತ್ತಿದ್ದಾಗಲೇ ಒಂದೂವರೆ ಸಾವಿರ ಕೈಬಿಟ್ಟಿತ್ತು.

ಉಳಿತಾಯಕ್ಕೆಂದು ಸಾಮಾನನ್ನೆಲ್ಲ ತಾವೇ ಕಟ್ಟಿದ್ದರು, ಕಿರಾಣಿ ಅಂಗಡಿಯಿಂದ ಕೇಳಿ ತಂದ ಹಳೇ ರಟ್ಟಿನ ಪೆಟ್ಟಿಗೆಗಳಲ್ಲಿ. ಎರಡನೇ ಮಹಡಿಯ ಹತ್ತಿರ ಒಂದು ಪೆಟ್ಟಿಗೆಯ ತಳ ಕಳಚಿತು. ಮನೆಯ ಚಮಚ, ಸೌಟು, ಲೋಟಗಳೆಲ್ಲ ಠಣಠಣ ಎನ್ನುತ್ತ ಮೆಟ್ಟಿಲಿಳಿದು ಕೆಳಗಿನ ಗೇಟು ಮುಟ್ಟಿದವು. ಅಂದು ಪುಕ್ಕಟೆ ಇಳಿದ ಸಾಮಾನು ಅವು ಮಾತ್ರ. ಆರಿಸಿ ತುಂಬುವಷ್ಟರಲ್ಲಿ ಅರ್ಧ ಗಂಟೆ. ಅದರ ಬೆನ್ನಿಗೇ ಕಬ್ಬಿಣದ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಮೇಲೂ ಬಾರದೆ ಕೆಳಗೂ ಹೋಗದೆ ನಿಂತಿತು. ಮೇಸ್ತ್ರಿ ಯೋಚಿಸಬೇಕು ಎಂದು ಕೂತ. ಯೋಚನೆಗೆ ಟೀ ಬೇಕಾಯಿತು.

ಮೇಷ್ಟ್ರ ತಲೆಯಲ್ಲಿ ನಿಮಿಷಕ್ಕೆ ಇಪ್ಪತ್ತೈದರಂತೆ ಮೀಟರು ಓಡತೊಡಗಿತು. ಒಬ್ಬ ಆಳು ತಲೆಯ ಟವಲು ಬಿಚ್ಚಿ ಕಟ್ಟಿಕೊಂಡ: ಇಪ್ಪತ್ತೈದು. ಇನ್ನೊಬ್ಬ ಮನೆಗೆ ಫೋನ್ ಮಾಡಿ ಮಗಳ ಜ್ವರ ವಿಚಾರಿಸಿದ: ನೂರಾ ಇಪ್ಪತ್ತೈದು. ಜ್ವರ ಇಳಿದಿದೆ ಎಂದು ಕೇಳಿ ಮೇಷ್ಟ್ರಿಗೂ ಸಮಾಧಾನವಾಯಿತು, ನಿಜ. ಆದರೆ ಇಳಿದಿದೆ ಎನ್ನಲು ಐದು ನಿಮಿಷ ಬೇಕೇ?

ಬೀರು ಬಿಡುಗಡೆಯಾಗುವ ಹೊತ್ತಿಗೆ ಅವರಿಗೆ ಇನ್ನೊಂದು ಸೂತ್ರ ಹೊಳೆಯಿತು. ಆಳು ಹೆಚ್ಚಾದರೆ ಗಂಟೆ ಕಡಿಮೆಯಾಗಲೇಬೇಕು. ಪ್ಯಾಂಟು ಮಡಚಿದರು, ತಲೆಗೆ ಟವಲು ಸುತ್ತಿದರು, ಪುಸ್ತಕದ ಪೆಟ್ಟಿಗೆ ಹೆಗಲಿಗೇರಿಸಿದರು. ಮೇಸ್ತ್ರಿ ಬೇಡ ಸಾರ್ ಎಂದು ಎರಡು ಸಲ ಹೇಳಿದ, ಮೂರನೇ ಸಲ ಹೇಳುವ ಗೋಜಿಗೆ ಹೋಗಲಿಲ್ಲ. ಹೊಸ ಮನೆಯ ನಾಲ್ಕು ಮಹಡಿಯನ್ನು ಅವರು ಹತ್ತೊಂಬತ್ತು ಸಲ ಹತ್ತಿದರು. ಅವರು ಹತ್ತುವಾಗ ದಾರಿಗೆ ಅಡ್ಡವಾಗಬಾರದೆಂದು ಆಳುಗಳು ಗೌರವದಿಂದ ಬದಿಗೆ ಕೂತು ಜಾಗ ಬಿಟ್ಟರು.

ಸಂಜೆ ಐದಕ್ಕೆ ಕೆಲಸ ಮುಗಿಯಿತು. ಹತ್ತು ಗಂಟೆ, ಹದಿನೈದು ಸಾವಿರ. ತಾವು ಹೊತ್ತಿದ್ದಕ್ಕೆ ಏನಾದರೂ ಕಳೆಯಬಾರದೇ ಎಂದು ಮೇಷ್ಟ್ರು ಕೇಳಿದ್ದಕ್ಕೆ ಮೇಸ್ತ್ರಿ, "ಅದು ನಿಮ್ಮ ಸಂತೋಷಕ್ಕೆ ಹೊತ್ತಿದ್ದು ಸಾರ್," ಎಂದು ರಸೀದಿ ಬರೆದು ಹೆಂಡತಿಯ ಕೈಗಿತ್ತು ಹೋದ.

ಲಾರಿ ಹೋದ ಮೇಲೆ ಕೆಳಗೆ ಒಂದು ಹಾಸಿಗೆ ಉಳಿದಿತ್ತು. ಮೇಷ್ಟ್ರು ಅದನ್ನು ತಲೆಯ ಮೇಲೆ ಹೊತ್ತು ಏದುಸಿರು ಬಿಡುತ್ತ ನಾಲ್ಕನೇ ಮಹಡಿ ತಲುಪಿದಾಗ, ಎದುರು ಮನೆಯ ಹಿರಿಯಾಕೆ ಹೆಂಡತಿಯನ್ನು ಮಾತಾಡಿಸುತ್ತ ನಿಂತಿದ್ದರು.

"ಇವನು ಒಳ್ಳೇ ಕೆಲಸಗಾರನಮ್ಮ. ಮಧ್ಯಾಹ್ನದಿಂದ ನೋಡ್ತಿದೀನಿ, ಉಳಿದವರು ಕೂತ್ರೂ ಇವನು ಕೂರಲಿಲ್ಲ. ಎಲ್ಲಿ ಸಿಕ್ಕಿದ?"

ಮೇಷ್ಟ್ರು ಬಾಯಿ ತೆರೆದರು. ಉಸಿರು ಬಂತೇ ಹೊರತು ಮಾತು ಬರಲಿಲ್ಲ.

"ನಮ್ಮಪ್ಪ ಹುಡುಕಿಕೊಟ್ಟಿದ್ದು," ಎಂದಳು ಹೆಂಡತಿ. "ಹದಿನೇಳು ವರ್ಷ ಆಯ್ತು."

"ಗಂಟೆಗೆ ಎಷ್ಟು ತಗೋತಾನೆ?"

ಹೆಂಡತಿ ಕೈಯಲ್ಲಿದ್ದ ರಸೀದಿಯನ್ನೊಮ್ಮೆ, ಹಾಸಿಗೆಯಡಿಯಿದ್ದ ಗಂಡನನ್ನೊಮ್ಮೆ ನೋಡಿದಳು. "ಇವರಿಗೆ ಗಂಟೆ ಲೆಕ್ಕ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಹಾಕಿದ್ರೆ ಸಾಕು."

ಹಿರಿಯಾಕೆಗೆ ಬಹಳ ಸಂತೋಷವಾಯಿತು. ತಮ್ಮ ಹಳೇ ವಾಷಿಂಗ್ ಮೆಷಿನ್ ಕೆಳಗಿಳಿಸುವುದಿದೆ, ನಾಳೆ ಸ್ವಲ್ಪ ಕಳಿಸಿಕೊಡಬಹುದೇ ಎಂದು ಕೇಳಿದರು.

"ಅದಕ್ಕೇನಂತೆ, ಶಾಲೆ ಮುಗಿಸ್ಕೊಂಡು ಬಂದ ಮೇಲೆ ಕಳಿಸ್ತೀನಿ."

"ಶಾಲೆಗೂ ಹೋಗ್ತಾನಾ? ಯಾಕೆ?"

"ಲೆಕ್ಕ ಹೇಳಿಕೊಡೋಕೆ," ಎಂದಳು ಹೆಂಡತಿ.