ಹೋಗಿ ಬರಬೇಕಾದ ಇಪ್ಪತ್ನಾಲ್ಕು ಖಣ

ಪಟ್ಟಿ ಸರಿಯಿದ್ದರೆ ಕೆಲಸ ಕೆಡುವುದಿಲ್ಲ ಎಂದು ಬಿ.ಎಸ್ಸಿ. ಓದುವಾಗ ನಂಬಿದ್ದೆ. ರಾಮದುರ್ಗದ ಖಣದ ಸಾವಕಾರರಲ್ಲಿ ಕಾರಕೂನನಾದ ಮೇಲೆ ಪಟ್ಟಿ ಸರಿಯೇ ಇರುತ್ತದೆ, ಕೆಲಸ ಕೆಡುವುದು ಮಾತ್ರ ತಪ್ಪಿಲ್ಲ.

ಹೋದ ವರ್ಷ ಸಾವಕಾರರು ಇಪ್ಪತ್ನಾಲ್ಕು ಕುಪ್ಪಸದ ಖಣ ತೆಗೆದುಕೊಂಡು ಜರ್ಮನಿಯ ವ್ಯಾಪಾರ ಮೇಳಕ್ಕೆ ಹೊರಟರು. ಮಾರುವಂತಿಲ್ಲ, ತೋರಿಸಿ ಮರಳಿ ತರಬೇಕು. ಹೋದ ಖಣವೇ ಬಂದಿದೆ ಎಂದು ಮುಂಬಯಿಯ ಸುಂಕದವರಿಗೆ ಪಟ್ಟಿ ಹಿಡಿದು ತೋರಿಸಬೇಕು. ಪಟ್ಟಿ ನನ್ನದು. ನಾನಿನ್ನೂ ಕಾಯಂ ಆಗಿರಲಿಲ್ಲ.

“ಒಂದು ಹೆಚ್ಚುಕಡಿಮಿ ಆದ್ರ, ಬಿಯೆಸ್ಸಿ, ನೀ ಕಟಕೋಳದ ಬಸ್ ಹತ್ತು,” ಎಂದಿದ್ದರು ಸಾವಕಾರರು. ಕಟಕೋಳ ನನ್ನೂರು.

೧. ಸಹಿ

‘ಈ ಮಾಲು ಮರಳಿ ಬರುತ್ತದೆ’ ಎಂಬ ಕರಾರಿಗೆ ಸಾವಕಾರರು ಸಹಿ ಹಾಕಲೊಲ್ಲರು. ಮಾಲು ಹೊರಡುವ ಮೊದಲೇ ಹೊಳ್ಳಿ ಬರುತ್ತದೆಂದು ಬರೆಯುವುದು ಅಪಶಕುನವಂತೆ. ಮೂರು ದಿನ ಕಾಗದ ಹಾಗೆಯೇ ಬಿದ್ದಿತ್ತು. ನನಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಕೇಳಿದೆ:

“ಸಾವಕಾರ್ರ, ಮನಿ ಬಿಡೂ ಮುಂದ ನೀವು ಏನಂತೀರಿ?”

“ಹೋಗಿ ಬರತೇನಿ ಅಂತೇನಿ.”

“ಖಣಾನೂ ಅದನ್ನ ಅನ್ನಾಕತ್ತಾವ್ರಿ.”

ಸಹಿ ಬಿತ್ತು. ಹೊರಡುವ ದಿನ ಪೆಟ್ಟಿಗೆಯ ಮುಂದೆಯೂ ಒಂದು ಬಟ್ಟಲು ಮೊಸರು ಇಡಿಸಿದರು.

೨. ಗುರುತು

ಪ್ರತಿ ಖಣಕ್ಕೂ ಅಳಿಯದ ಗುರುತು ಬೇಕಿತ್ತು. ಮೂಲೆಯಲ್ಲಿ ಮಸಿಯಿಂದ ಒಂದರಿಂದ ಇಪ್ಪತ್ನಾಲ್ಕರವರೆಗೆ ಅಂಕಿ ಬರೆದು, ಒಣಗಲು ಹರವಿ, ಊಟಕ್ಕೆ ಹೋದೆ. ಬರುವಷ್ಟರಲ್ಲಿ ಸಾವಕಾರರ ಹೆಂಡತಿ ಅಂಟವಾಳ ಕಾಯಿ ಹಾಕಿ ಎಲ್ಲವನ್ನೂ ತಿಕ್ಕಿ ತೊಳೆದಿದ್ದರು. ಪರದೇಶಕ್ಕೆ ಹೋಗುವ ಮಾಲಿಗೆ ಯಾರೋ ಮಸಿ ಹತ್ತಿಸಿದ್ದರಂತೆ. ಖಣದ ಬಣ್ಣ ಉಳಿದಿತ್ತು, ಅಳಿಯದ ಮಸಿ ಹೋಗಿತ್ತು.

ಕೆಂಪು ದಾರದಲ್ಲಿ ಅಂಕಿ ಹೊಲಿಯುತ್ತ ಕುಳಿತೆ. ಅವರು ಪಕ್ಕದಲ್ಲಿ ಕುಳಿತು ನೋಡಿದರು. “ಹೊಲಗಿ ಚಲೋ ಬರತೈತಲ್ಲೋ ತಮ್ಮಾ. ಮತ್ತ ಸಾಲಿ ಯಾಕ ಕಲ್ತಿ?”

೩. ಏಳನೆಯದು

ಹೊರಡುವಾಗ ಸಾವಕಾರರಿಗೆ ಮೂರು ಸಲ ಹೇಳಿದ್ದೆ, ಇಪ್ಪತ್ನಾಲ್ಕೂ ಅಂಕಿ ಮರಳಿ ಬರಬೇಕು ಎಂದು.

ಅವರು ಬರುವ ದಿನ ಪಟ್ಟಿ ಹಿಡಿದು ಮುಂಬಯಿಗೆ ಹೋದೆ. ಪೆಟ್ಟಿಗೆ ಬಿಚ್ಚಿದರು. ಸುಂಕದ ಅಧಿಕಾರಿ ಬೆಳಗಾವಿ ಕಡೆಯವರು. ಅವರು ಒಂದೊಂದೇ ಎತ್ತಿದರು, ನಾನು ಗೀಟು ಹಾಕಿದೆ. ಆರು ಆಯಿತು. ಏಳನೆಯದು ಉಣ್ಣೆಯ ಶಾಲು. ಅದರ ಮೂಲೆಯಲ್ಲಿ ಕೆಂಪು ದಾರದ ಏಳು. ಕಟಕೋಳದ ಬಸ್ಸು ನನ್ನ ಕಣ್ಣ ಮುಂದೆ ಬಂದು ನಿಂತಿತು.

ಮೇಳದಲ್ಲಿ ಪಕ್ಕದ ಮಳಿಗೆಯ ಹೆಣ್ಣುಮಗಳು ಸಾವಕಾರರಿಗೆ ಎಂಟು ದಿನ ಚಹಾ ಮಾಡಿ ಕೊಟ್ಟಳಂತೆ. ಆಕೆಗೆ ಖಣ ಕೊಡದೆ ಬರುವುದು ಹೇಗೆ? ಆಕೆ ತನ್ನ ಶಾಲು ಕೊಟ್ಟಳು. ಸಾವಕಾರರು ಖಣದ ಅಂಕಿ ಬಿಚ್ಚಿ, ಅದೇ ದಾರದಿಂದ ಶಾಲಿಗೆ ಹೊಲಿದರು.

“ಅಂಕಿ ಬರಬೇಕು ಅಂದಿದ್ದೆಲ್ಲೋ. ತಂದೇನಿ,” ಎಂದರು ನನಗೆ.

ಅಧಿಕಾರಿ ಶಾಲಿನ ಮೂಲೆ ತಿರುವಿ ಹೊಲಿಗೆ ನೋಡಿದರು. “ಬರೇ ಖಣಾ ಕೊಟ್ರೇನ್ರಿ? ಮ್ಯಾಲೊಂದು ಕಾಯಿ ಇಡಲಿಲ್ಲಾ?” ಎಂದರು.

ಸಾವಕಾರರು ನನ್ನತ್ತ ಬೆರಳು ಮಾಡಿದರು. “ಇಂವ ಕಾಯಿ ಪಟ್ಟ್ಯಾಗ ಬರದಿರಲಿಲ್ಲರಿ.”

ಅಧಿಕಾರಿ ನಕ್ಕರು. ಶಾಲಿಗೆ ಸುಂಕ ಹಾಕಿ, ಒಂದು ಖಣ ಕಡಿಮೆ ಎಂದು ಬರೆದು, ಬಿಟ್ಟರು. ತಪ್ಪು ಸಾವಕಾರರದೇ ಆದ್ದರಿಂದ ನಾನು ಬಸ್ ಹತ್ತಲಿಲ್ಲ, ಕಾಯಂ ಆದೆ.

ಈ ವರ್ಷದ ಪಟ್ಟಿಯ ಮೊದಲ ಸಾಲು: ತೆಂಗಿನಕಾಯಿ, ಒಂದು. ಮರಳಿ ಬರುವುದಿಲ್ಲ.